ಸಹಾಯ ಬೇಕು: ಕಿಡ್ನಿ ತೊಂದರೆ ಇರುವ 14 ವರ್ಷದ ಬೆಕ್ಕಿಗೆ ಹಲ್ಲು ಕೀಳಿಸಬಹುದಾ?

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು. ನಮ್ಮ ಬೆಕ್ಕು ಚಿನ್ನಿಗೆ ಈಗ 14 ವರ್ಷ. ಕಳೆದ ವರ್ಷದಿಂದ ಕಿಡ್ನಿ ತೊಂದರೆ ಇದೆ. ಈಚಿನ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಲ್ಮಶ) 3.1 ಬಂದಿದೆ, ಅಂದರೆ ಕಿಡ್ನಿ ಕಾಯಿಲೆಯ ಮೂರನೇ ಹಂತ. ಕಿಡ್ನಿಗೆಂದೇ ಬರುವ ಆಹಾರ ಕೊಡುತ್ತಿದ್ದೇವೆ, ಚರ್ಮದಡಿಗೆ ಡ್ರಿಪ್ ಮನೆಯಲ್ಲೇ ಹಾಕುತ್ತೇವೆ. ಅದಕ್ಕೆಲ್ಲ ಹೊಂದಿಕೊಂಡಿದ್ದಾಳೆ.

ಈಗಿನ ಕಷ್ಟ ಬಾಯಿಯದು. ಹಿಂದಿನ ಹಲ್ಲುಗಳ ಸುತ್ತ ವಸಡು ಕೆಂಪಗೆ ಊದಿಕೊಂಡಿದೆ. ಹಸಿವಿನಿಂದ ತಟ್ಟೆ ಹತ್ತಿರ ಓಡಿ ಬರುತ್ತಾಳೆ. ಒಂದು ತುತ್ತು ಬಾಯಿಗೆ ಹಾಕಿಕೊಂಡ ಕೂಡಲೇ ತಲೆ ಕೊಡವಿ, ಮುಂಗಾಲಿನಿಂದ ಬಾಯಿ ಕೆರೆದುಕೊಂಡು ಹಿಂದೆ ಸರಿಯುತ್ತಾಳೆ. ನೋಡೋಕಾಗಲ್ಲ. ಆಂಟಿಬಯಾಟಿಕ್ ಕೊಟ್ಟಾಗ ಸ್ವಲ್ಪ ಕಡಿಮೆಯಾಗಿ ಮತ್ತೆ ಶುರುವಾಗುತ್ತದೆ. ಊಟ ನುಣ್ಣಗೆ ರುಬ್ಬಿ ಕೊಟ್ಟರೂ ಅಷ್ಟೇ. ಕಿಡ್ನಿ ಹೀಗಿರುವಾಗ ನೋವಿನ ಮದ್ದನ್ನೂ ಜಾಸ್ತಿ ಕೊಡುವ ಹಾಗಿಲ್ಲ.

ಒಬ್ಬ ಡಾಕ್ಟರು ಹಲ್ಲು ಕೀಳಲೇಬೇಕು, ಮೊದಲೇ ಡ್ರಿಪ್ ಕೊಟ್ಟು ಬಿಪಿ ನೋಡಿಕೊಂಡು ಮಾಡಬಹುದು ಅನ್ನುತ್ತಾರೆ. ಇನ್ನೊಬ್ಬರು, ಅರಿವಳಿಕೆಯಲ್ಲಿ ಬಿಪಿ ಇಳಿದರೆ ಕಿಡ್ನಿ ಇನ್ನೂ ಹಾಳಾಗಬಹುದು, ಬೇಡ ಅನ್ನುತ್ತಾರೆ. ಇಬ್ಬರ ಮಾತೂ ಸರಿ ಅನಿಸುತ್ತದೆ. ವಯಸ್ಸಾಯ್ತಲ್ಲ, ಸುಮ್ನೆ ಬಿಟ್ಟುಬಿಡಿ ಅನ್ನುವವರೂ ಇದ್ದಾರೆ. ಹಸಿದ ಜೀವವನ್ನು ಹೇಗೆ ಬಿಡೋದು?

ಮೂರನೇ ಹಂತದ ಕಿಡ್ನಿ ಕಾಯಿಲೆ ಇರುವ ಬೆಕ್ಕಿಗೆ ಹಲ್ಲು ಕೀಳಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಆಮೇಲೆ ಸರಿಯಾಗಿ ಊಟ ಮಾಡಿತಾ? ಕ್ರಿಯಾಟಿನಿನ್ ಏರಿತಾ? ಒಪ್ಪಿಗೆ ಕೊಡುವ ಮುಂಚೆ ಯಾವ ಯಾವ ಪರೀಕ್ಷೆ ಮಾಡಿಸಿದಿರಿ?