ಪುಟ್ಟಿಯ ಮರ, ಭಾವನವರ ಫೋನು

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಪುಟ್ಟಿ ಕೇಳಿದ ಪ್ರಶ್ನೆಗೆ ಅಕ್ಷರ ಒತ್ತುತ್ತ ಕೂರುವ ತಾಳ್ಮೆ ನನಗಿಲ್ಲದ ಕಾರಣ ಮಾತಿನಲ್ಲೇ ಉತ್ತರಿಸುತ್ತಿದ್ದೇನೆ. ಉದ್ದವಾದೀತು, ಬಿಡುವಾದಾಗ ಕೇಳಿ. ಯಾರೂ ಇಲ್ಲದ ಕಾಡಿನಲ್ಲಿ ಮರವೊಂದು ಉರುಳಿದರೆ ಸದ್ದಾಗುತ್ತದೆಯೇ ಎಂಬುದು ಅವಳ ಪ್ರಶ್ನೆ. ಅತ್ತಿಗೆ ಅದನ್ನು ಬರೀ ಮಾತಿನ ಕಸರತ್ತು ಎಂದರು. ಒಂದು ಫೋನನ್ನು ರೆಕಾರ್ಡಿಂಗ್‌ಗೆ ಹಚ್ಚಿ ಮರದ ಬುಡದಲ್ಲಿ ಬಿಟ್ಟು ಬಂದರೆ ಮಾರನೆಯ ದಿನವೇ ಉತ್ತರ ಸಿಗುತ್ತದೆ ಎಂದರು ಭಾವನವರು. ಅತ್ತಿಗೆಯ ಮಾತಿನಲ್ಲಿ ಅರ್ಧ ಸತ್ಯವಿದೆ. ಭಾವನವರ ಫೋನಿನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ತಕರಾರಿಲ್ಲದ ಭಾಗವನ್ನು ಹೇಳಿಬಿಡುತ್ತೇನೆ. ಮರ ನೆಲಕ್ಕಪ್ಪಳಿಸಿದಾಗ ಸುತ್ತಲಿನ ಗಾಳಿ ಒತ್ತಿಕೊಂಡು ಸಡಿಲಗೊಳ್ಳುತ್ತದೆ, ಆ ಏರಿಳಿತ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ಹರಡಿ ಕೊನೆಗೆ ಶಾಖವಾಗಿ ಕರಗಿಹೋಗುತ್ತದೆ. ಇದಕ್ಕೆ ಯಾರ ಹಾಜರಿಯೂ ಬೇಕಿಲ್ಲ. 1883ರ ಆಗಸ್ಟ್ 27ರಂದು ಕ್ರಾಕಟೋವಾ ಜ್ವಾಲಾಮುಖಿ ಸಿಡಿದದ್ದು ಸುಮಾರು 4,800 ಕಿಲೋಮೀಟರ್ ದೂರದ ರಾಡ್ರಿಗಸ್ ದ್ವೀಪದಲ್ಲಿದ್ದವರಿಗೂ ಫಿರಂಗಿ ಹಾರಿಸಿದಂತೆ ಕೇಳಿಸಿತು. ಅದಕ್ಕಿಂತ ಎಷ್ಟೋ ದೂರದ ಊರುಗಳಲ್ಲಿ ಯಾರ ಕಿವಿಗೂ ಏನೂ ಬೀಳಲಿಲ್ಲ, ಆದರೆ ಅದೇ ಸ್ಫೋಟದ ಒತ್ತಡದ ಅಲೆ ಭೂಮಿಯನ್ನು ಹಲವು ಸಲ ಸುತ್ತಿತು, ಹಾದುಹೋದಾಗಲೆಲ್ಲ ಅಲ್ಲಿನ ವಾಯುಭಾರ ಮಾಪಕಗಳ ಮುಳ್ಳು ಕಾಗದದ ಮೇಲೆ ಸಣ್ಣದೊಂದು ಏರುಪೇರನ್ನು ಗೀಚಿತು. ಅಂದರೆ ಕೇಳುವವರಿಲ್ಲದೆಯೂ ಅಲೆ ಇರುತ್ತದೆ ಎಂಬುದಕ್ಕೆ ಕಾಡಿನವರೆಗೆ ಹೋಗಬೇಕಾಗಿಲ್ಲ. ಅಂದಹಾಗೆ, ಕಾಡಿನಲ್ಲಿ ಯಾರೂ ಇಲ್ಲ ಎಂದರೆ ಮನುಷ್ಯರಿಲ್ಲ ಎಂದಷ್ಟೇ ತಿಳಿದುಕೊಳ್ಳುವುದು ನಮ್ಮ ಜಂಭ. ನಮ್ಮ ಕಿವಿ ಸೆಕೆಂಡಿಗೆ 20ರಿಂದ 20,000 ಕಂಪನಗಳ ನಡುವೆ ಮಾತ್ರ ಕೆಲಸ ಮಾಡುತ್ತದೆ. ಆನೆ ಅದಕ್ಕಿಂತ ಕೆಳಗಿನದನ್ನೂ ಬಾವಲಿ ಅದಕ್ಕಿಂತ ಬಹಳ ಮೇಲಿನದನ್ನೂ ಕೇಳಿಸಿಕೊಳ್ಳುತ್ತವೆ.

ಇಷ್ಟಕ್ಕೇ ನಿಲ್ಲಿಸಿದರೆ ಅತ್ತಿಗೆ ಗೆದ್ದಂತೆ. ಅಲೆಯನ್ನೇ ಸದ್ದು ಎಂದರೆ ಪುಟ್ಟಿಗೆ ಉತ್ತರ ಹೌದು, ಕೇಳಿಸುವುದನ್ನು ಸದ್ದು ಎಂದರೆ ಉತ್ತರ ಇಲ್ಲ, ಜಗಳ ಮುಗಿಯಿತು. ಆದರೆ ಹೊರಗೆ ಇರುವುದೇ ಒಳಗೆ ಹಾಗೆಯೇ ಕೇಳಿಸುವುದಾಗಿದ್ದರೆ ಮಾತ್ರ ಅದು ಅಷ್ಟು ಸುಲಭ. ಈಗ ನೀವು ಕೇಳುತ್ತಿರುವ ನನ್ನ ದಪ್ಪ ದನಿಯನ್ನೇ ತೆಗೆದುಕೊಳ್ಳಿ. ಗಂಡಸಿನ ಮಾತಿನ ಮೂಲಕಂಪನ, ಅಂದರೆ ದನಿಯಲ್ಲಿರುವ ಎಲ್ಲಕ್ಕಿಂತ ಕೆಳಗಿನ ಕಂಪನ, ಸೆಕೆಂಡಿಗೆ 100ರ ಆಸುಪಾಸಿನದು. ಹಳೆಯ ದೂರವಾಣಿಯ ತಂತಿಗಳು 300ಕ್ಕಿಂತ ಕೆಳಗಿನ ಕಂಪನವನ್ನು ಸಾಗಿಸುತ್ತಿರಲಿಲ್ಲ, ಇಂದಿನ ಫೋನಿನ ಪುಟ್ಟ ಸ್ಪೀಕರ್ ಕೂಡ ಅಷ್ಟು ಕೆಳಗಿನದನ್ನು ಹೊರಡಿಸುವುದು ಇಲ್ಲವೆನ್ನುವಷ್ಟು ಕಡಿಮೆ. ಆದರೂ ತಂತಿಯ ಆ ತುದಿಯಲ್ಲಿ ಗಂಡಸಿನ ದನಿ ಗಂಡಸಿನದಾಗಿಯೇ ಕೇಳಿಸುತ್ತಿತ್ತು. 300, 400, 500 ಎಂದು ಮೇಲಿನ ಕಂಪನಗಳು ಬಂದರೆ, ಅವುಗಳ ನಡುವಿನ ಅಂತರವನ್ನು ಹಿಡಿದು ಮಿದುಳು ಗಾಳಿಯಲ್ಲಿಲ್ಲದ 100ರ ಸ್ವರವನ್ನು ತಾನೇ ಕೇಳಿಸಿಕೊಳ್ಳುತ್ತದೆ. ಕಿವಿಯೊಳಗೆ ಗುಂಯ್‌ಗುಡುವವರ ಕಷ್ಟವಂತೂ ಬೇರೆಯೇ, ಅಲ್ಲಿ ಹೆಚ್ಚಿನ ಸಲ ಹೊರಗಿನ ಅಲೆಯೇ ಇರುವುದಿಲ್ಲ. ಕೇಳದ ಅಲೆ ಇರುವಂತೆಯೇ ಅಲೆಯಿಲ್ಲದೆ ಕೇಳುವುದೂ ಇದೆ.

ಜೀವಿಯನ್ನು ತೆಗೆದುಹಾಕಿದರೆ ರುಚಿ, ವಾಸನೆ, ಸದ್ದುಗಳು ಬರೀ ಹೆಸರುಗಳಾಗಿ ಉಳಿಯುತ್ತವೆ ಎಂಬ ಅರ್ಥದ ಮಾತನ್ನು ಗೆಲಿಲಿಯೋ 1623ರಲ್ಲೇ ಆಡಿದ್ದ. ನಮ್ಮ ನೈಯಾಯಿಕರು, ಅಂದರೆ ನ್ಯಾಯದರ್ಶನದ ಹಳೆಯ ತರ್ಕಪಂಡಿತರು, ಅದನ್ನು ಒಪ್ಪುತ್ತಿರಲಿಲ್ಲ. ಅವರ ಪ್ರಕಾರ ಶಬ್ದ ಆಕಾಶದ, ಅಂದರೆ ಎಲ್ಲೆಡೆ ವ್ಯಾಪಿಸಿರುವ ಐದನೆಯ ಭೂತದ, ಗುಣ. ಹೊಡೆತದಿಂದ ಹುಟ್ಟಿದ ಒಂದು ಶಬ್ದ ಇನ್ನೊಂದನ್ನು, ಅದು ಮತ್ತೊಂದನ್ನು ಹುಟ್ಟಿಸುತ್ತ, ನೀರಿನ ಅಲೆಯಂತೆ ಅಥವಾ ಕದಂಬದ ಮೊಗ್ಗು ಎಲ್ಲ ದಿಕ್ಕಿಗೂ ಅರಳಿದಂತೆ ಹರಡುತ್ತದೆ, ನಮಗೆ ಕೇಳಿಸುವುದು ಕಿವಿಯ ಕುಹರದಲ್ಲಿ ಹುಟ್ಟಿದ ಶಬ್ದ ಮಾತ್ರ. ಅಂದರೆ ದಾರಿಯಲ್ಲಿ ಹುಟ್ಟಿ ಸತ್ತ ಶಬ್ದಗಳೆಲ್ಲ ಕೇಳದೆಯೇ ಇದ್ದವು. ವೇದವಾಕ್ಯಗಳ ಅರ್ಥವನ್ನು ವಿಚಾರಿಸುತ್ತಿದ್ದ ಮೀಮಾಂಸಕರು ಶಬ್ದ ನಿತ್ಯ, ಧ್ವನಿ ಅದನ್ನು ಪ್ರಕಟಪಡಿಸುತ್ತದೆಯಷ್ಟೇ ಎಂದು ವಾದಿಸಿದರು, ಆದರೆ ಅವರ ಮನಸ್ಸಿನಲ್ಲಿದ್ದದ್ದು ವೇದದ ಅಕ್ಷರ, ಬಿದ್ದ ಮರವಲ್ಲ.

ನನ್ನ ನಿಲುವನ್ನು ಕನ್ನಡವೇ ಸುಲಭಗೊಳಿಸಿದೆ. ‘ಕೇಳಿಸಿತು’ ಎಂದರೆ ಯಾರಿಗೆ ಎಂಬ ಪ್ರಶ್ನೆ ಬೆನ್ನಿಗೇ ಬರುತ್ತದೆ. ‘ಸದ್ದಾಯಿತು’ ಎಂದರೆ ಬರುವುದಿಲ್ಲ. ಆದ್ದರಿಂದ ಪುಟ್ಟಿ, ನಿನ್ನ ಮರ ಬಿದ್ದಾಗ ಸದ್ದಾಯಿತು ಎನ್ನಲು ನನಗೆ ಅಡ್ಡಿಯಿಲ್ಲ. ಅದು ‘ಧಡಾರ್’ ಎಂದಿತು ಎನ್ನುವುದಕ್ಕೆ ಅಡ್ಡಿಯಿದೆ. ಆ ಧಡಾರ್‌ನ ದಪ್ಪ, ಗಡಸು, ಎದೆ ಝಲ್ಲೆನಿಸುವ ಗುಣ ಇವೆಲ್ಲ ಒಂದು ಕಿವಿಯ ಹಿಂದೆ ರೂಪುಗೊಳ್ಳುವಂಥವು.

ಈಗ ಭಾವನವರ ಫೋನು. ಪ್ಯಾರಿಸ್ಸಿನ ಎದುವಾರ್-ಲಿಯೋನ್ ಸ್ಕಾಟ್ ಎಂಬಾತ 1857ರಲ್ಲಿ ಒಂದು ಯಂತ್ರಕ್ಕೆ ಪೇಟೆಂಟ್ ಪಡೆದ. ದನಿಗೆ ಅದುರುವ ಪೊರೆಯೊಂದು ಮಸಿ ಹಿಡಿಸಿದ ಕಾಗದದ ಮೇಲೆ ಗೀರು ಎಳೆಯುತ್ತಿತ್ತು, ಅಷ್ಟೇ. ಅದನ್ನು ಮರಳಿ ನುಡಿಸುವ ಯೋಚನೆಯೇ ಅವನಿಗಿರಲಿಲ್ಲ, ಕಣ್ಣಿನಿಂದ ಓದುವುದಕ್ಕೆಂದೇ ಮಾಡಿದ್ದು. 1860ರಲ್ಲಿ ಎಳೆದ ಒಂದು ಹಾಡಿನ ಗೀರನ್ನು 2008ರಲ್ಲಿ ಸಂಶೋಧಕರು ಕಂಪ್ಯೂಟರಿನ ನೆರವಿನಿಂದ ನುಡಿಸಿದಾಗ ಹುಡುಗಿಯೊಬ್ಬಳು ಹಾಡಿದಂತೆ ಕೇಳಿಸಿತು. ಮರುವರ್ಷ, ತಾವು ಎರಡು ಪಟ್ಟು ವೇಗದಲ್ಲಿ ನುಡಿಸಿದ್ದೆವೆಂದು ಗೊತ್ತಾಗಿ ವೇಗವನ್ನು ಅರ್ಧಕ್ಕಿಳಿಸಿದರೆ, ಅದು ಗಂಡಸಿನ ದನಿ, ಬಹುಶಃ ಸ್ಕಾಟನದೇ. ಕಾಗದದ ಮೇಲಿನ ಒಂದು ಗೆರೆಯೂ ಬದಲಾಗಿರಲಿಲ್ಲ. ಭಾವನವರೇ, ಆ 148 ವರ್ಷ ಕಾಗದದಲ್ಲಿದ್ದದ್ದು ಹಾಡೋ, ಗೀರೋ? ಗೀರು ಎನ್ನುವುದಾದರೆ ನಿಮ್ಮ ಫೋನಿನಲ್ಲಿ ಸಿಗುವುದೂ ಗೀರೇ. ನೀವು ಅದನ್ನು ಮನೆಗೆ ತಂದು ಗುಂಡಿ ಒತ್ತಿದಾಗಷ್ಟೇ ಅದು ಧಡಾರ್ ಎನ್ನುತ್ತದೆ, ಆಗ ಅಲ್ಲಿ ನಾವೆಲ್ಲರೂ ಇರುತ್ತೇವೆ.