ಮಂಗಳೂರಿನ ಹವೆಗೆ ಯಾವ ಮೇಪಲ್ ಟಾಪ್: ಫ್ಲೇಮೋ, ಕ್ವಿಲ್ಟೋ?

ಪ್ರಶ್ನೆ:
ಮಹಾಗನಿ ಬಾಡಿಯ ಮೇಲೆ ಮೇಪಲ್ ಟಾಪ್ (ಮೇಲ್ಪದರದ ಹಲಗೆ) ಕೂರಿಸಿ ಒಂದು ಎಲೆಕ್ಟ್ರಿಕ್ ಗಿಟಾರ್ ಮಾಡಿಸುತ್ತಿದ್ದೇನೆ. ಅಮೆರಿಕದಿಂದ ತರಿಸಬಹುದಾದ ಎರಡು ಬುಕ್‌ಮ್ಯಾಚ್ ಜೋಡಿಗಳ (ಒಂದೇ ಹಲಗೆಯನ್ನು ಸೀಳಿ ಪುಸ್ತಕದಂತೆ ತೆರೆದು ಜೋಡಿಸುವ ಎರಡು ಭಾಗಗಳ) ಫೋಟೊಗಳು ನನ್ನ ಬಳಿ ಇವೆ. ಎರಡೂ ಬಿಗ್‌ಲೀಫ್ ಎಂಬ ಜಾತಿಯ ಮೇಪಲ್, ಎರಡರ ದಪ್ಪವೂ 7 ಮಿ.ಮೀ. ಒಂದರಲ್ಲಿ ಹುಲಿಪಟ್ಟೆಯಂಥ ಫ್ಲೇಮ್ ಇದೆ. ಇನ್ನೊಂದರಲ್ಲಿ ನೀರಿನ ಗುಳ್ಳೆಗಳಂತೆ ಉಬ್ಬಿ ಕಾಣುವ ಕ್ವಿಲ್ಟ್ ಇದೆ, ಮನಸ್ಸು ಇದರ ಕಡೆಗೇ ವಾಲುತ್ತಿದೆ. ಟಾಪ್ ಚಪ್ಪಟೆಯಾಗಿರುತ್ತದೆ, ಬಣ್ಣ ಪಾರದರ್ಶಕ ನೀಲಿ. ನಾನಿರುವುದು ಮಂಗಳೂರಿನಲ್ಲಿ. ಯಾವುದನ್ನು ಆರಿಸಲಿ? ನಾದದಲ್ಲಿ ವ್ಯತ್ಯಾಸ ಬರುವುದೇ?

ಉತ್ತರ 1:
ನಾದದ ಚಿಂತೆ ಬಿಡಿ. ಇಷ್ಟು ತೆಳುವಾದ ಪದರದಲ್ಲಿ ಫ್ಲೇಮ್‌ಗೂ ಕ್ವಿಲ್ಟ್‌ಗೂ ಇರುವ ಭೇದವನ್ನು ಪಿಕಪ್‌ನ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗದ) ಮೂಲಕ ಕಿವಿ ಹಿಡಿಯಲಾರದು ಎಂಬುದು ನನ್ನ ಅಭಿಪ್ರಾಯ. ಫೋಟೊವನ್ನು ನಂಬುವ ಮೊದಲು ಮಾತ್ರ ಎರಡು ಸಲ ಯೋಚಿಸಿ. ಮಾರುವವರು ಹಲಗೆಗೆ ಸ್ಪಿರಿಟ್ ಸವರಿ, ಬೆಳಕನ್ನು ಓರೆಯಾಗಿ ಬಿಟ್ಟು ಚಿತ್ರ ತೆಗೆಯುವುದುಂಟು. ಈ ವಿನ್ಯಾಸ ಮರದ ಬಣ್ಣದಲ್ಲಿರುವುದಲ್ಲ. ನಾರುಗಳು ಅಲೆಯಲೆಯಾಗಿ ಬೆಳೆದಿರುವುದರಿಂದ ಬೆಳಕು ಒಂದೊಂದು ಕಡೆ ಒಂದೊಂದು ರೀತಿ ಪ್ರತಿಫಲಿಸಿ ಹಾಗೆ ಕಾಣುತ್ತದೆ. ಆದ್ದರಿಂದ ಒಣ ಹಲಗೆಯನ್ನು ನಿಧಾನವಾಗಿ ಓಲಾಡಿಸುವ ವಿಡಿಯೊ ಕೇಳಿ. ಆಗ ಜೋಡಿಯ ಒಂದು ಭಾಗ ಹೊಳೆಯುವಾಗ ಇನ್ನೊಂದು ಮಂಕಾಗಿ, ಮರುಕ್ಷಣ ಅದಲುಬದಲಾದರೆ ಗಾಬರಿಯಾಗಬೇಡಿ. ಒಂದೇ ಹಲಗೆಯನ್ನು ಸೀಳಿ ಪುಸ್ತಕದಂತೆ ತೆರೆದಾಗ ನಾರಿನ ಓರೆ ಎದುರುಬದುರಾಗುವುದರಿಂದ ಹಾಗಾಗುತ್ತದೆ.

ನಿಮ್ಮ ಊರಿನ ಮಟ್ಟಿಗೆ ಮರವನ್ನು ಸೀಳಿದ ರೀತಿಯೇ ಮುಖ್ಯ. ಕ್ವಿಲ್ಟ್ ಚೆನ್ನಾಗಿ ಕಾಣುವುದು ಫ್ಲ್ಯಾಟ್‌ಸಾನ್ ಹಲಗೆಯಲ್ಲಿ, ಅಂದರೆ ವರ್ಷದ ಉಂಗುರಗಳು ಹಲಗೆಯ ಅಗಲದ ಗುಂಟ ಮಲಗುವಂತೆ ಸೀಳಿದಾಗ. ಫ್ಲೇಮ್ ಚೆನ್ನಾಗಿ ಕಾಣುವುದು ಕ್ವಾರ್ಟರ್‌ಸಾನ್‌ನಲ್ಲಿ, ಅಂದರೆ ವರ್ಷದ ಉಂಗುರಗಳು ಹಲಗೆಯ ಮುಖಕ್ಕೆ ಲಂಬವಾಗಿ ನಿಲ್ಲುವಂತೆ ಸೀಳಿದಾಗ. ಬಿಗ್‌ಲೀಫ್ ಮೇಪಲ್ ಹಸಿಯಿಂದ ಪೂರ್ತಿ ಒಣಗುವಾಗ ಉಂಗುರದ ಗುಂಟ ಸುಮಾರು 7.1 ಶೇಕಡಾ, ಉಂಗುರಕ್ಕೆ ಅಡ್ಡವಾಗಿ ಸುಮಾರು 3.7 ಶೇಕಡಾ ಕುಗ್ಗುತ್ತದೆ. ಹಾಗಾಗಿ ಜೂನ್‌ನ ಮಳೆಗೂ ಏಸಿ ಕೋಣೆಗೂ ನಡುವೆ ಓಡಾಡುವ ಗಿಟಾರ್‌ನಲ್ಲಿ ಕ್ವಿಲ್ಟ್ ಟಾಪ್‌ನ ಅಗಲ ಫ್ಲೇಮ್ ಟಾಪ್‌ಗೆ ಹೋಲಿಸಿದರೆ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗಿ ಕುಗ್ಗಲು ಹವಣಿಸುತ್ತದೆ. ನಾನಾದರೆ ಫ್ಲೇಮ್ ಆರಿಸುತ್ತೇನೆ. ಯಾವುದನ್ನು ತರಿಸಿದರೂ ಕೆಲವು ವಾರ ನಿಮ್ಮ ಬಡಗಿಯ ಕೋಣೆಯಲ್ಲಿ, ಎರಡೂ ಮುಖಗಳಿಗೆ ಗಾಳಿಯಾಡುವಂತೆ ನಡುವೆ ಪಟ್ಟಿಗಳನ್ನಿಟ್ಟು ಬಿಡಿ.

ಉತ್ತರ 2:
ನಾನು ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿದ್ದೇನೆ, ಬಿಗ್‌ಲೀಫ್ ಮೇಪಲ್ ಇಲ್ಲಿ ರಸ್ತೆಯ ಪಕ್ಕದಲ್ಲೇ ಬೆಳೆಯುತ್ತದೆ. ಮೇಲಿನವರ ಮಾತಿಗೆ ನೀಲಿ ಬಣ್ಣದ ವಿಚಾರವೊಂದನ್ನು ಸೇರಿಸುತ್ತೇನೆ. ಗಿಟಾರ್‌ಗೆ ಮೇಲಿನಿಂದ ಹಚ್ಚುವ ಪಾರದರ್ಶಕ ನೈಟ್ರೋಸೆಲ್ಯುಲೋಸ್ ಲ್ಯಾಕರ್ ವರ್ಷಗಳು ಕಳೆದಂತೆ ಹಳದಿಯಾಗುತ್ತದೆ, ಅದರಡಿಯ ನೀಲಿ ಹಸಿರಿನ ಕಡೆಗೆ ತಿರುಗುತ್ತದೆ. ನನ್ನ ಗಿಟಾರ್‌ನಲ್ಲಿ ಪಿಕ್‌ಗಾರ್ಡ್ (ಗೀರು ಬೀಳದಂತೆ ಮೇಲೆ ಕೂರಿಸುವ ತಗಡು) ಬಿಚ್ಚಿದಾಗ ಅದರಡಿಯಲ್ಲಿ ಮಾತ್ರ ಮೂಲದ ನೀಲಿ ಉಳಿದಿತ್ತು, ಸುತ್ತಲೂ ಪಾಚಿಯ ಬಣ್ಣ! ಹಳದಿಯಾಗದ ಅಕ್ರಿಲಿಕ್ ಲೇಪ ಕೇಳಿ. ಬಣ್ಣವನ್ನು ಅದೇ ಹಲಗೆಯ ಕತ್ತರಿಸಿದ ಚೂರಿನ ಮೇಲೆ ಹಚ್ಚಿಸಿ ನೋಡದೆ ಒಪ್ಪಬೇಡಿ. ಮೊದಲು ಕಪ್ಪು ಡೈ ಹಾಕಿ, ಸ್ಯಾಂಡ್‌ಪೇಪರ್‌ನಿಂದ ಉಜ್ಜಿ ತೆಗೆದು, ಆಮೇಲೆ ನೀಲಿ ಹಚ್ಚಿದರೆ ಪಟ್ಟೆಗಳು ಎದ್ದು ಕಾಣುತ್ತವೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ವಿಡಿಯೊ ತರಿಸಿ ನೋಡಿದೆ. ಕ್ವಿಲ್ಟ್‌ನ ಗುಳ್ಳೆಗಳು ಒಣ ಹಲಗೆಯಲ್ಲಿ ಅರ್ಧಕ್ಕರ್ಧ ಮಾಯವಾಗಿದ್ದವು, ಫ್ಲೇಮ್ ಮಾತ್ರ ಓಲಾಡಿಸಿದಷ್ಟೂ ಹರಿದಾಡುತ್ತಿತ್ತು. ಫ್ಲೇಮ್ ಜೋಡಿಗೇ ಮುಂಗಡ ಕೊಟ್ಟಿದ್ದೇನೆ. ಚೂರುಗಳನ್ನೂ ಜೊತೆಗೆ ಕಳುಹಿಸಲು ಹೇಳಿದ್ದೇನೆ.