ದಾಲ್‌ಮಿಲ್ ಪಿಎಲ್‌ಸಿಗೆ ಬೇರೆ ಕಂಪನಿಯ ಮೀಟರ್, ಡ್ರೈವ್: ಮಾಡ್‌ಬಸ್‌ನಲ್ಲಿ 230.5 ಬದಲು 17254 ಬರ್ತಿದೆ

ಕಪನೂರ ಎಲೆಕ್ಟ್ರಿಷಿಯನ್:
ನಮಸ್ಕಾರ. ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದ ಒಂದು ತೊಗರಿ ದಾಲ್‌ಮಿಲ್‌ನಲ್ಲಿ ಎಲೆಕ್ಟ್ರಿಕಲ್ ಕೆಲಸ ನೋಡಿಕೊಳ್ಳುತ್ತೇನೆ. ಹೊಸ ಪಿಎಲ್‌ಸಿ (ಮಷಿನ್‌ಗಳನ್ನು ನಡೆಸುವ ಕಂಟ್ರೋಲರ್) ಪ್ಯಾನೆಲ್ ಬಂದಿದೆ. ಎನರ್ಜಿ ಮೀಟರ್ ಒಂದು ಕಂಪನಿಯದು, ಎಲಿವೇಟರ್ ಮತ್ತು ರೋಲ್ ಮಷಿನ್‌ಗಳ ಡ್ರೈವ್ (ಮೋಟಾರ್ ವೇಗ ನಿಯಂತ್ರಿಸುವ ಸಾಧನ) ಇನ್ನೊಂದು ಕಂಪನಿಯವು. ಎಲ್ಲವನ್ನೂ ಆರ್‌ಎಸ್-485 ಕೇಬಲ್ ಮೇಲೆ ಮಾಡ್‌ಬಸ್ ಆರ್‌ಟಿಯುಗೆ (ಸಾಧನಗಳು ಪರಸ್ಪರ ಡೇಟಾ ಕಳಿಸುವ ಪದ್ಧತಿ) ಸೇರಿಸಿದ್ದಾರೆ. ಬಾಡ್ ರೇಟ್ (ಡೇಟಾ ಹೋಗುವ ವೇಗ) 9600.

ಮೀಟರ್ ಡಿಸ್‌ಪ್ಲೇಯಲ್ಲಿ ವೋಲ್ಟೇಜ್ 230.5 ಇದೆ. ಪಿಎಲ್‌ಸಿಯಲ್ಲಿ ಮೊದಲ ರಿಜಿಸ್ಟರ್ (ಸಂಖ್ಯೆ ಇಡುವ ಜಾಗ) 17254, ಮುಂದಿನದು 32768. ಎರಡನ್ನೂ ಸೇರಿಸಿ ಫ್ಲೋಟ್ (ದಶಮಾಂಶ ಸಂಖ್ಯೆ) ಮಾಡಿದರೆ ಎಚ್‌ಎಂಐನಲ್ಲಿ (ಪ್ಯಾನೆಲ್ ಸ್ಕ್ರೀನ್) ಸೊನ್ನೆ. ಇನ್ನೊಂದು ತೊಂದರೆ: ರೋಲ್ ಮಷಿನ್ ಸ್ಟಾರ್ಟ್ ಆದ ಕೂಡಲೇ ಎರಡು ಡ್ರೈವ್‌ಗಳ ಕಮ್ಯುನಿಕೇಶನ್ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಬರುತ್ತದೆ. ಪ್ಯಾನೆಲ್‌ನವರು ಮೀಟರ್ ಸರಿ ಇಲ್ಲ ಅಂತಾರೆ. ಮೀಟರ್‌ನವರು ಪ್ರೋಗ್ರಾಂ ಸರಿ ಇಲ್ಲ ಅಂತಾರೆ. ಹೊಸ ತೊಗರಿ ಬರುವುದರೊಳಗೆ ಇದು ಸರಿಯಾಗಬೇಕು. ಎಲ್ಲಿಂದ ಶುರು ಮಾಡಲಿ?

ಶಹಾಬಾದ್ ವರ್ಕ್‌ಶಾಪ್:
ಪ್ಯಾರಿಟಿ (ಡೇಟಾದ ತಪ್ಪು ಹಿಡಿಯುವ ಬಿಟ್‌ನ ಸೆಟ್ಟಿಂಗ್) ನೋಡಿದ್ರಾ? ಮೀಟರ್‌ನಲ್ಲಿ ‘ಈವನ್’, ಪಿಎಲ್‌ಸಿಯಲ್ಲಿ ‘ನನ್’ (ಪ್ಯಾರಿಟಿ ಇಲ್ಲ) ಅಂತ ಇದ್ದರೆ ಹೀಗೆ ಏನೇನೋ ಸಂಖ್ಯೆ ಬರಬಹುದು.

ಸೇಡಂ ಇನ್‌ಸ್ಟ್ರುಮೆಂಟ್:
ಪ್ಯಾರಿಟಿ ತಪ್ಪಿದ್ದರೆ ಉತ್ತರವೇ ಬರುತ್ತಿರಲಿಲ್ಲ. ಮಾಡ್‌ಬಸ್ ಆರ್‌ಟಿಯುನಲ್ಲಿ ಪ್ರತಿ ಸಂದೇಶದ ಕೊನೆಗೆ ಸಿಆರ್‌ಸಿ (ಸಂದೇಶ ಸರಿ ಇದೆಯಾ ಅಂತ ತಾಳೆ ನೋಡುವ ಸಂಖ್ಯೆ) ಇರುತ್ತದೆ. ದಾರಿಯಲ್ಲಿ ಕೆಟ್ಟ ಸಂದೇಶವನ್ನು ಪಿಎಲ್‌ಸಿ ಬಿಸಾಡುತ್ತದೆ. ಅಂದರೆ ನಿಮಗೆ ಬಂದ ಎರಡೂ ಸಂಖ್ಯೆ ಮೀಟರ್ ಕಳಿಸಿದ್ದೇ.

ನಾನು ಸೇಡಂ ಕಡೆ ಸಿಮೆಂಟ್ ಪ್ಲಾಂಟ್‌ನ ಇನ್‌ಸ್ಟ್ರುಮೆಂಟ್ ಸೆಕ್ಷನ್‌ನಲ್ಲಿದ್ದೇನೆ. ಇಲ್ಲಿ ಡಿಸಿಎಸ್ (ಇಡೀ ಪ್ಲಾಂಟ್ ನಿಯಂತ್ರಿಸುವ ವ್ಯವಸ್ಥೆ) ಒಬ್ಬರದು, ವೇ ಫೀಡರ್ ಇನ್ನೊಬ್ಬರದು, ಗ್ಯಾಸ್ ಅನಲೈಸರ್ ಮತ್ತೊಬ್ಬರದು. ದಿನಾ ಇದೇ ಪಂಚಾಯ್ತಿ. ಹಾಗಾಗಿ ನಿಮ್ಮ 17254 ನೋಡಿದ ಕೂಡಲೇ ಖುಷಿಯಾಯಿತು. ಅದರಲ್ಲಿ 17024 ಕಳೆಯಿರಿ. 230 ಬಂತಲ್ವಾ? ಈಗ ಎರಡನೆಯದನ್ನು 65536ರಿಂದ ಭಾಗಿಸಿ. 32768 ಅಂದರೆ ಸರಿಯಾಗಿ ಅರ್ಧ, 0.5. ಸೇರಿಸಿದರೆ ನಿಮ್ಮ 230.5. ಈ ಕಳೆಯುವ ಲೆಕ್ಕ 128ರಿಂದ 256ರ ಒಳಗಿನ ಬೆಲೆಗೆ ಮಾತ್ರ ನಡೆಯುತ್ತದೆ, ಆದರೆ ಫೇಸ್ ವೋಲ್ಟೇಜ್ ಅಲ್ಲೇ ಇರುವುದರಿಂದ ನಾನು ಯಾವಾಗಲೂ ಇದರಿಂದಲೇ ಪರೀಕ್ಷೆ ಮಾಡುತ್ತೇನೆ. ವೋಲ್ಟೇಜ್ ಒಂದು ವೋಲ್ಟ್ ಏರಿದರೆ ಮೊದಲ ರಿಜಿಸ್ಟರ್ ಒಂದೇ ಏರುತ್ತದೆ, ಎರಡನೆಯದು ಹುಚ್ಚುಹುಚ್ಚಾಗಿ ಕುಣಿಯುತ್ತದೆ. ಹಾಗೆ ಕಂಡರೆ ಅದು ಫ್ಲೋಟ್, ದೊಡ್ಡ ಭಾಗ ಮೊದಲು ಬರ್ತಿದೆ ಅಂತ ಗೊತ್ತಾಯಿತು. ನಿಮ್ಮ ಪಿಎಲ್‌ಸಿ ಚಿಕ್ಕ ಭಾಗ ಮೊದಲು ಅಂದುಕೊಂಡು ಜೋಡಿಸುತ್ತಿದೆ. ಎರಡು ವರ್ಡ್ (ಅಂದರೆ ಎರಡು ರಿಜಿಸ್ಟರ್‌ಗಳ ಬೆಲೆ) ಅದಲುಬದಲು ಮಾಡಿ, ಸರಿಯಾಗುತ್ತದೆ.

ಇದರಲ್ಲಿ ಮೀಟರ್‌ನವರ ತಪ್ಪೂ ಇಲ್ಲ, ಪಿಎಲ್‌ಸಿಯ ತಪ್ಪೂ ಇಲ್ಲ. ಮಾಡ್‌ಬಸ್ 1979ರದು, ಮಾಡಿಕಾನ್ ಕಂಪನಿ ತನ್ನ ಪಿಎಲ್‌ಸಿಗಳಿಗೆ ಮಾಡಿಕೊಂಡದ್ದು. ಒಂದು ರಿಜಿಸ್ಟರ್ ಅಂದರೆ 16 ಬಿಟ್. 32 ಬಿಟ್‌ನ ಫ್ಲೋಟ್ ಅನ್ನು ಯಾವ ಕ್ರಮದಲ್ಲಿ ಇಡಬೇಕು ಅಂತ ಅದರಲ್ಲಿ ನಿಯಮವೇ ಇಲ್ಲ. ಒಬ್ಬೊಬ್ಬರು ಒಂದೊಂದು ಕ್ರಮ ಹಿಡಿದರು. ಇಬ್ಬರೂ ಒಬ್ಬರ ಮೇಲೊಬ್ಬರು ಹಾಕುವಾಗ ಮಧ್ಯೆ ಸಿಕ್ಕಿಕೊಳ್ಳುವುದು ಮಿಲ್‌ನ ಹುಡುಗ. ಅದು ನನಗೆ ನಿಜಕ್ಕೂ ಬೇಜಾರು. ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ಇಬ್ಬರಿಗೂ ತೋರಿಸಿ.

ಎರಡನೇ ತೊಂದರೆ ಪೂರ್ತಿ ವೈರ್‌ನದು. ಪ್ರೋಗ್ರಾಂ ಮುಟ್ಟಬೇಡಿ. ಎಲ್ಲಾ ಪವರ್ ಆಫ್ ಮಾಡಿ, ಆರ್‌ಎಸ್-485ರ ಎರಡು ವೈರ್ ಎ ಮತ್ತು ಬಿ ನಡುವೆ ಮಲ್ಟಿಮೀಟರ್‌ನಿಂದ ಓಮ್ ನೋಡಿ. ಲೈನ್‌ನ ಎರಡು ತುದಿಯಲ್ಲಿ ಮಾತ್ರ 120 ಓಮ್ ರೆಸಿಸ್ಟರ್ (ಟರ್ಮಿನೇಶನ್) ಇರಬೇಕು, ಆಗ ಸುಮಾರು 60 ತೋರಿಸುತ್ತದೆ. 40 ಬಂದರೆ ಮೂರು ಕಡೆ ಹಾಕಿದ್ದಾರೆ. 120 ಬಂದರೆ ಒಂದೇ ಕಡೆ ಇದೆ. ಆಮೇಲೆ ಕೇಬಲ್ ಹೋದ ದಾರಿ ನೋಡಿ. ಪಿಎಲ್‌ಸಿಯಿಂದ ಮೀಟರ್‌ಗೆ, ಅಲ್ಲಿಂದ ಮೊದಲ ಡ್ರೈವ್‌ಗೆ, ಅಲ್ಲಿಂದ ಮುಂದಿನದಕ್ಕೆ ಹೀಗೆ ಸಾಲಾಗಿ ಹೋಗಬೇಕು. ಪ್ಯಾನೆಲ್‌ನಿಂದ ಒಂದೊಂದಕ್ಕೂ ಬೇರೆ ಕೇಬಲ್ ಎಳೆದಿದ್ದರೆ ಬದಲಿಸಿ. ಡ್ರೈವ್‌ನಿಂದ ಮೋಟಾರ್‌ಗೆ ಹೋಗುವ ಕೇಬಲ್ ಇದೇ ಟ್ರೇಯಲ್ಲಿದ್ದರೆ ಅದೇ ದೊಡ್ಡ ಕಾರಣ. ಕನಿಷ್ಠ ಒಂದು ಅಡಿ ದೂರ ಇಡಿ, ದಾಟಲೇಬೇಕಾದರೆ ಅಡ್ಡವಾಗಿ ದಾಟಿಸಿ. ಎ, ಬಿ ಜೊತೆಗೆ ಮೂರನೆಯ ಕಾಮನ್ ವೈರ್ ಕೂಡ ಎಳೆಯಿರಿ. ಎರಡು ವೈರ್ ಸಾಕು ಅನ್ನುವವರು ಬಹಳ ಜನ ಇದ್ದಾರೆ. ಆದರೆ ಆರ್‌ಎಸ್-485 ತಡೆದುಕೊಳ್ಳುವುದು ಮೈನಸ್ 7ರಿಂದ ಪ್ಲಸ್ 12 ವೋಲ್ಟ್‌ವರೆಗಿನ ವ್ಯತ್ಯಾಸ ಮಾತ್ರ. ದೊಡ್ಡ ಮೋಟಾರ್ ಇರುವ ಜಾಗದಲ್ಲಿ ಅರ್ಥಿಂಗ್ ಸರಿ ಇಲ್ಲದಿದ್ದರೆ ಅದನ್ನು ದಾಟುವುದು ಕಷ್ಟವೇನಲ್ಲ.

ಪಿಎಲ್‌ಸಿಯಲ್ಲಿ ಟೈಮ್‌ಔಟ್ (ಉತ್ತರಕ್ಕೆ ಕಾಯುವ ಸಮಯ) ಎಷ್ಟಿದೆ? 9600ರಲ್ಲಿ ಹತ್ತು ರಿಜಿಸ್ಟರ್ ಕೇಳಿ ಉತ್ತರ ಪಡೆಯಲು ವೈರ್ ಮೇಲೆ ಸುಮಾರು 40 ಮಿಲಿಸೆಕೆಂಡ್ ಸಾಕು. ಟೈಮ್‌ಔಟ್ ಒಂದು ಸೆಕೆಂಡ್ ಇಟ್ಟು ಮೂರು ಸಲ ಕೇಳಿಸಿದರೆ, ಒಂದು ಡ್ರೈವ್ ಸತ್ತಾಗ ಉಳಿದವೆಲ್ಲಾ ಮೂರು ಸೆಕೆಂಡ್ ಕಾಯುತ್ತವೆ. ನಾನು 300 ಮಿಲಿಸೆಕೆಂಡ್‌ನಿಂದ ಶುರು ಮಾಡುತ್ತೇನೆ.

ಒಂದು ಮಾತು ಮಾತ್ರ ಮರೆಯಬೇಡಿ. ರೋಲ್ ಮಷಿನ್ ಹತ್ತಿರ ಜನ ಕೈ ಹಾಕಿ ಕೆಲಸ ಮಾಡುತ್ತಾರೆ. ಎಮರ್ಜೆನ್ಸಿ ಸ್ಟಾಪ್ ಮಾಡ್‌ಬಸ್ ಮೇಲೆ ಇರಲೇಬಾರದು, ಅದಕ್ಕೆ ಬೇರೆ ವೈರ್ ಎಳೆದಿರಬೇಕು. ಕಮ್ಯುನಿಕೇಶನ್ ಹೋದರೆ ಡ್ರೈವ್ ಏನು ಮಾಡಬೇಕು ಅನ್ನುವ ಪ್ಯಾರಾಮೀಟರ್ ಇರುತ್ತದೆ. ಅದು ‘ಓಡುತ್ತಲೇ ಇರು’ ಅಂತ ಇದ್ದರೆ ಇವತ್ತೇ ‘ನಿಲ್ಲು’ ಅಂತ ಬದಲಿಸಿ.

ಕಪನೂರ ಎಲೆಕ್ಟ್ರಿಷಿಯನ್:
ಸರ್, ವರ್ಡ್ ಅದಲುಬದಲು ಮಾಡಿದೆ, ವೋಲ್ಟೇಜ್ ಸರಿಯಾಗಿ ಬಂತು. ಓಮ್ ನೋಡಿದರೆ 40. ಡ್ರೈವ್‌ಗಳ ಒಳಗೇ ಟರ್ಮಿನೇಶನ್ ಸ್ವಿಚ್ ಇದೆ, ನಡುವಿನ ಡ್ರೈವ್‌ನಲ್ಲೂ ಆನ್ ಇತ್ತು. ಆಫ್ ಮಾಡಿದ ಮೇಲೆ 60 ಬಂತು. ಆದರೂ ರೋಲ್ ಸ್ಟಾರ್ಟ್ ಆದಾಗ ಒಂದು ಡ್ರೈವ್ ಹೋಗ್ತಿದೆ. ಮೋಟಾರ್ ಕೇಬಲ್ ಅದೇ ಟ್ರೇಯಲ್ಲಿದೆ, ಭಾನುವಾರ ಮಿಲ್ ನಿಲ್ಲಿಸಿ ಬದಲಿಸುತ್ತೇವೆ. ಎಮರ್ಜೆನ್ಸಿ ಸ್ಟಾಪ್ ಬೇರೆ ವೈರ್‌ನಲ್ಲೇ ಇದೆ. ಆದರೆ ಡ್ರೈವ್ ಪ್ಯಾರಾಮೀಟರ್ ‘ಓಡುತ್ತಲೇ ಇರು’ ಅಂತಲೇ ಇತ್ತು, ಬದಲಿಸಿದೆ.

ಬೀದರ್ ಶುಗರ್ ಪ್ಲಾಂಟ್:
ಡ್ರೈವ್‌ಗೆ ಸ್ಪೀಡ್ ಕೂಡ ಮಾಡ್‌ಬಸ್ ಮೇಲೆ ಬರೆಯುತ್ತಿದ್ದರೆ ಇದನ್ನೂ ನೋಡಿ. ಕೆಲವು ಡ್ರೈವ್‌ಗಳಲ್ಲಿ ಪ್ಯಾರಾಮೀಟರ್‌ಗೆ ಬರೆದದ್ದು ಪ್ರತಿ ಸಲ ಇಇಪ್ರಾಂಗೆ (ಪವರ್ ಹೋದರೂ ಅಳಿಸದ ಮೆಮೊರಿ) ಹೋಗುತ್ತದೆ. ಅದಕ್ಕೆ ಬರೆಯುವ ಸಲಗಳ ಮಿತಿ ಇದೆ, ಸಾಮಾನ್ಯವಾಗಿ ಒಂದು ಲಕ್ಷ ಅಂತಾರೆ. ಸೆಕೆಂಡಿಗೊಮ್ಮೆ ಬರೆದರೆ ಒಂದು ದಿನದಲ್ಲೇ 86,400 ಆಗುತ್ತದೆ! ಮ್ಯಾನುಯಲ್‌ನಲ್ಲಿ ರ‍್ಯಾಮ್‌ಗೆ (ತಾತ್ಕಾಲಿಕ ಮೆಮೊರಿ) ಬರೆಯುವ ಬೇರೆ ಅಡ್ರೆಸ್ ಇದೆಯಾ ಹುಡುಕಿ. ಇಲ್ಲದಿದ್ದರೆ ಸ್ಪೀಡ್ ಬದಲಾದಾಗ ಮಾತ್ರ ಬರೆಯಿಸಿ.

ಸೇಡಂ ಇನ್‌ಸ್ಟ್ರುಮೆಂಟ್:
ಇದು ಬಹಳ ಒಳ್ಳೆಯ ಮಾತು. ಕಪನೂರದವರೇ, ಭಾನುವಾರ ಟ್ರೇ ಬಿಚ್ಚಿದಾಗ ಶೀಲ್ಡ್ ಕೂಡ ನೋಡಿಬಿಡಿ. ಕಮ್ಯುನಿಕೇಶನ್ ಕೇಬಲ್‌ನ ಶೀಲ್ಡ್ ಅನ್ನು ಪ್ಯಾನೆಲ್ ಕಡೆ ಅರ್ಥ್ ಮಾಡಿ, ನಡುವೆ ಎಲ್ಲೂ ತುಂಡಾಗದಂತೆ ಮುಂದಿನದಕ್ಕೆ ಜೋಡಿಸುತ್ತಾ ಹೋಗಿ. ರೋಲ್ ಓಡಿಸಿ ಏನಾಯಿತು ಅಂತ ಇಲ್ಲೇ ಬರೆಯಿರಿ.